ಶಾಯಿ ಪೆನ್ನಿನ ಬಾಳಿಕೆಯೂ ತಯಾರಕರ ಗ್ಯಾರಂಟಿಯೂ

(ಶಾಲೆಯ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಈ ವರ್ಷದ ಬಹುಮಾನಗಳಿಗಾಗಿ ಶಾಯಿ ಪೆನ್ನುಗಳನ್ನು ಕೊಳ್ಳಬೇಕೆಂದು ನಮ್ಮ ಸಂಘವು ನಿಶ್ಚಯಿಸಿ, ಯಾವ ಪೆನ್ನು ಯೋಗ್ಯವೆಂದು ವಿಚಾರಿಸಿ ತಿಳಿಸುವ ಕೆಲಸವನ್ನು ನನಗೆ ಒಪ್ಪಿಸಿತು. ವಿಷಯವು ಅಲ್ಪವೆಂದು ಕೆಲವರಿಗೆ ತೋರಬಹುದು. ಆದರೆ ಸಂಘದ ಬೊಕ್ಕಸದಲ್ಲಿರುವ ಪ್ರತಿಯೊಂದು ರೂಪಾಯಿಯೂ ಯಾರೋ ಒಬ್ಬರು ತೊಗರಿ ಮಾರಿದ ಹಣದಲ್ಲಿಯೋ, ಕೂಲಿಯ ಹಣದಲ್ಲಿಯೋ ಉಳಿಸಿ ಕೊಟ್ಟದ್ದು. ಅದನ್ನು ಆರು ತಿಂಗಳಲ್ಲಿ ಕಸದ ಬುಟ್ಟಿಗೆ ಸೇರುವ ವಸ್ತುವಿಗೆ ಸುರಿಯುವುದು ಸಲ್ಲದು. ಆದುದರಿಂದ ನಾನು ವಿಚಾರಿಸಿ ತಿಳಿದುದನ್ನು ತಮ್ಮೆಲ್ಲರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಅಂಗಡಿಗಳಲ್ಲಿ ಕೇಳಿದಾಗ ಎಲ್ಲೆಡೆಯೂ ಒಂದೇ ಉತ್ತರ: “ಇದಕ್ಕೆ ಗ್ಯಾರಂಟಿ ಇದೆ, ಮಾಸ್ತರರೇ.” ಒಂದಕ್ಕೆ ಒಂದು ವರ್ಷ, ಇನ್ನೊಂದಕ್ಕೆ ಎರಡು ವರ್ಷ, ಮತ್ತೊಂದಕ್ಕೆ ಜೀವಮಾನ! ಯಾವುದರ ಗ್ಯಾರಂಟಿ, ಯಾರು ಕೊಟ್ಟದ್ದು, ಯಾರ ಜೀವಮಾನ ಎಂದು ಕೇಳಿದರೆ ಮಾತ್ರ ಉತ್ತರವು ಅಷ್ಟು ಸುಲಭವಾಗಿ ಬರುವುದಿಲ್ಲ. ಈ ಪ್ರಶ್ನೆಗಳೇ ಇಂದಿನ ನನ್ನ ಭಾಷಣದ ವಿಷಯ.

ಮೊದಲು ಪೆನ್ನಿನ ರಚನೆಯನ್ನು ಸ್ವಲ್ಪ ನೋಡೋಣ. ಶಾಯಿ ಪೆನ್ನಿನ ಒಳಗೆ ಯಂತ್ರವೆಂಬುದು ಏನೂ ಇಲ್ಲ. ಶಾಯಿ ತುಂಬಿದ ಕೊಳವೆ, ತುದಿಯಲ್ಲಿ ಸೀಳಿದ ನಿಬ್ಬು, ನಿಬ್ಬಿನ ಕೆಳಗೆ ಗೀರುಗಳುಳ್ಳ ನಾಲಗೆ, ಇಷ್ಟೇ. ಸೂಕ್ಷ್ಮವಾದ ಸೀಳಿನಲ್ಲಿ ದ್ರವವು ತಾನಾಗಿಯೇ ಹರಿಯುವ ಗುಣದಿಂದ ಶಾಯಿ ಕಾಗದವನ್ನು ಮುಟ್ಟುತ್ತದೆ. ಆದರೆ ಹೊರಗೆ ಹೋದ ಶಾಯಿಯ ಸ್ಥಳಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಪೆನ್ನು ಬರೆಯುವುದಿಲ್ಲ. ಹೆಚ್ಚಾಗಿ ಬಂದರೆ ಅಂಗಿಯ ಜೇಬಿನ ಮೇಲೆಯೇ ಬರೆಯುತ್ತದೆ! ಈ ಗಾಳಿ ಮತ್ತು ಶಾಯಿಯ ಕೊಡುಕೊಳ್ಳುವಿಕೆಯನ್ನು ನಾಲಗೆಯ ಗೀರುಗಳ ಮೂಲಕ ಹತೋಟಿಗೆ ತಂದ ಪೆನ್ನಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ ಎಂಬವರು 1884ರಲ್ಲಿ ಹಕ್ಕುಪತ್ರ ಪಡೆದರು. ಅಂದಿನಿಂದ ಇಂದಿನವರೆಗೆ ಮೂಲತತ್ತ್ವವು ಬದಲಾಗಿಲ್ಲ.

ಹಾಗಾದರೆ ಇಷ್ಟು ಸರಳವಾದ ವಸ್ತುವು ಕೆಡುವುದು ಹೇಗೆ? ಮೂರು ಬಗೆಯಲ್ಲಿ. ಒಂದನೆಯದು, ತಯಾರಿಕೆಯ ದೋಷ: ಮುಚ್ಚಳದಲ್ಲಿ ಬಿರುಕು, ತಿರುಪಿನ ಎಳೆಗಳು ಸರಿಯಾಗಿ ಕೂಡದಿರುವುದು, ನಿಬ್ಬಿನ ಸೀಳು ನೇರವಾಗಿಲ್ಲದಿರುವುದು. ಎರಡನೆಯದು, ಅಪಘಾತ: ಮುಚ್ಚಳ ತೆಗೆದ ಪೆನ್ನು ನಿಬ್ಬು ಕೆಳಗಾಗಿ ಫರಸಿನ ಮೇಲೆ ಬೀಳುವುದು. ಮೂರನೆಯದು, ಅಲಕ್ಷ್ಯ: ಬೇಸಿಗೆಯ ರಜೆಯಲ್ಲಿ ಶಾಯಿ ಒಳಗೇ ಒಣಗಿ ನಾಲಗೆಯ ಗೀರುಗಳು ಕಟ್ಟಿಕೊಳ್ಳುವುದು. ತಯಾರಕರ ಗ್ಯಾರಂಟಿಯ ಚೀಟಿಯನ್ನು ಓದಿ ನೋಡಿರಿ. ಸಾಮಾನ್ಯವಾಗಿ ಅದು ಮೊದಲನೆಯದಕ್ಕೆ ಮಾತ್ರ ಅನ್ವಯಿಸುತ್ತದೆ. ನಮ್ಮ ಮಕ್ಕಳ ಪೆನ್ನುಗಳೋ, ಬಹುಮಟ್ಟಿಗೆ ಎರಡನೆಯ ಮತ್ತು ಮೂರನೆಯ ಕಾರಣಗಳಿಂದಲೇ ಕೆಡುತ್ತವೆ. ಗ್ಯಾರಂಟಿಯನ್ನು ನಂಬಿ ನಿಶ್ಚಿಂತರಾಗಿರುವವರು ಮೊದಲು ತಿಳಿಯಬೇಕಾದ ಸಂಗತಿಯಿದು.

ಗ್ಯಾರಂಟಿ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಧಾರೂರಿನ ಸ್ಟೇಷನ್ನಿನ ಮೂಲಕ ಹಾದುಹೋಗುವ ವಾಡಿ–ಸಿಕಂದರಾಬಾದು ರೈಲು ಮಾರ್ಗವು ತೆರೆದದ್ದು 1874ರಲ್ಲಿ. ಮುಂದೆ ಅದನ್ನು ನಡೆಸಿದ ಕಂಪನಿಯ ಹೆಸರೇ ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ. 1930ರಲ್ಲಿ ನಿಜಾಮ ಸರ್ಕಾರವು ಕೊಂಡುಕೊಳ್ಳುವವರೆಗೂ ಅದು ಆ ಕಂಪನಿಯ ವಶದಲ್ಲಿತ್ತು. ಅಲ್ಲಿನ ಗ್ಯಾರಂಟಿ ಯಾರಿಗೆ? ರೈಲು ಹೊತ್ತಿಗೆ ಸರಿಯಾಗಿ ಬರುವುದೆಂದು ಪ್ರಯಾಣಿಕರಿಗೆ ಕೊಟ್ಟದ್ದಲ್ಲ. ಬಂಡವಾಳ ಹೂಡಿದವರಿಗೆ ಬಡ್ಡಿ ತಪ್ಪದೆಂದು ಸರ್ಕಾರವು ಕೊಟ್ಟದ್ದು. ಆದುದರಿಂದ ಆ ಶಬ್ದವನ್ನು ಕಂಡೊಡನೆ ಕೊಟ್ಟವರು ಯಾರು, ಪಡೆದವರು ಯಾರು, ಏತಕ್ಕೆ, ಎಷ್ಟು ಕಾಲಕ್ಕೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ವಿವೇಕಿಯ ಲಕ್ಷಣ.

ಪೆನ್ನಿನ ಗ್ಯಾರಂಟಿಯ ಚರಿತ್ರೆಯಲ್ಲಿ ಒಬ್ಬ ಉಪಾಧ್ಯಾಯರಿದ್ದಾರೆಂಬುದು ನಮಗೆ ಸಂತೋಷದ ವಿಷಯ. ಜಾರ್ಜ್ ಪಾರ್ಕರ್ ಎಂಬವರು ಅಮೆರಿಕದ ಜೇನ್ಸ್‌ವಿಲ್ ಎಂಬ ಊರಿನಲ್ಲಿ ತಂತಿ ವಿದ್ಯೆಯನ್ನು ಕಲಿಸುತ್ತಿದ್ದರು. ಸಂಬಳ ಸಾಲದೆ, ಬೇರೊಂದು ಕಂಪನಿಯ ಪೆನ್ನುಗಳನ್ನು ತಮ್ಮ ಶಿಷ್ಯರಿಗೇ ಮಾರುತ್ತಿದ್ದರು. ಆ ಪೆನ್ನುಗಳು ಸೋರತೊಡಗಿದವು. ಮಾರಿದ್ದು ನಾನಲ್ಲವೇ ಎಂದು ಅವರು ತಾವೇ ಕುಳಿತು ಅವನ್ನು ದುರಸ್ತಿ ಮಾಡಿಕೊಟ್ಟರು. ಹೀಗೆ ಬಿಚ್ಚಿ ಜೋಡಿಸುತ್ತ ದೋಷವೆಲ್ಲಿದೆಯೆಂದು ಕಂಡುಕೊಂಡು, 1888ರಲ್ಲಿ ಸ್ವಂತ ಕಂಪನಿಯನ್ನೇ ಸ್ಥಾಪಿಸಿದರು. ಆ ಶಿಷ್ಯರ ಕೈಯಲ್ಲಿ ಗ್ಯಾರಂಟಿಯ ಚೀಟಿಯೇನೂ ಇರಲಿಲ್ಲ. ಆದರೆ ದುರಸ್ತಿ ಮಾಡುವ ಮನುಷ್ಯನು ಅದೇ ಕೋಣೆಯಲ್ಲಿದ್ದನು.

ಮುಂದೆ ಗ್ಯಾರಂಟಿಯು ಜಾಹೀರಾತಿನ ಸರಕಾಯಿತು. ಶೇಫರ್ ಕಂಪನಿಯು 1920ರಲ್ಲಿ “ಲೈಫ್‌ಟೈಮ್”, ಎಂದರೆ ಜೀವಮಾನದ ಪೆನ್ನನ್ನು ಮಾರುಕಟ್ಟೆಗೆ ತಂದಿತು. 1921ರಲ್ಲಿ ಬಂದ ಪಾರ್ಕರ್ ಡ್ಯುಯೋಫೋಲ್ಡ್ ಪೆನ್ನಿಗೆ 25 ವರ್ಷಗಳ ಗ್ಯಾರಂಟಿಯನ್ನು ಸಾರಲಾಯಿತು. ಈ ಪೆನ್ನುಗಳು ನಿಜವಾಗಿಯೂ ಗಟ್ಟಿಯಾಗಿದ್ದವು. ನಿಬ್ಬು ಚಿನ್ನದ್ದು, ಏಕೆಂದರೆ ಆ ಕಾಲದ ಶಾಯಿಗಳಲ್ಲಿ ಅನೇಕವು ಕಬ್ಬಿಣದ ಲವಣ ಮತ್ತು ಮಾಯಿಫಲದ ಒಗರಿನಿಂದ ಮಾಡಿದ ಆಮ್ಲಯುಕ್ತ ಶಾಯಿಗಳು, ಉಕ್ಕನ್ನು ತಿನ್ನುವಂಥವು. ಚಿನ್ನವು ಅದಕ್ಕೆ ಜಗ್ಗುವುದಿಲ್ಲ. ಆದರೆ ಚಿನ್ನವು ಮೃದು, ಕಾಗದದ ಮೇಲೆ ಸವೆಯುತ್ತದೆ. ಆದುದರಿಂದ ತುದಿಗೆ ಇರಿಡಿಯಂ ಜಾತಿಯ ಅತಿ ಕಠಿಣ ಲೋಹದ ಒಂದು ಬಿಂದುವನ್ನು ಬೆಸೆಯುತ್ತಿದ್ದರು. ಬಾಳಿಕೆಯು ಈ ಬಿಂದುವಿನಲ್ಲಿತ್ತು. ಗ್ಯಾರಂಟಿಯು ಆ ಬಾಳಿಕೆಯನ್ನು ಸಾರುವ ಡಂಗುರ ಮಾತ್ರ.

ಕಾಲಕ್ರಮದಲ್ಲಿ ಡಂಗುರದ ಸದ್ದು ಹೆಚ್ಚಾಯಿತು. ಜೀವಮಾನವಿಡೀ ಗ್ಯಾರಂಟಿಯೆಂದು ದೊಡ್ಡ ಅಕ್ಷರಗಳಲ್ಲಿ ಸಾರಿ, ಪ್ರತಿ ಸಲ ದುರಸ್ತಿಗೆ ಕಳುಹಿಸಿದಾಗಲೂ 35 ಸೆಂಟು ಶುಲ್ಕ ತೆರಬೇಕೆಂದು ಚಿಕ್ಕ ಅಕ್ಷರಗಳಲ್ಲಿ ಅಚ್ಚು ಹಾಕಿದ ಪದ್ಧತಿಯನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1940ರ ದಶಕದಲ್ಲಿ ಆಕ್ಷೇಪಿಸಿತು. ವ್ಯಾಜ್ಯವು ನ್ಯಾಯಾಲಯಕ್ಕೂ ಹೋಯಿತು. ಶುಲ್ಕ ತೆಗೆದುಕೊಳ್ಳುವುದಾದರೆ ಅದನ್ನು ಗ್ಯಾರಂಟಿಯ ಪಕ್ಕದಲ್ಲಿಯೇ ಎದ್ದು ಕಾಣುವಂತೆ ಹೇಳಬೇಕೆಂಬುದು ಆಯೋಗದ ನಿಲುವು. ಚಿಕ್ಕ ಅಕ್ಷರಗಳನ್ನು ಓದುವ ಅಭ್ಯಾಸವು ಎಷ್ಟು ಮುಖ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಇನ್ನೊಂದು ವಿನೋದ. “ಜೀವಮಾನ” ಎಂದರೆ ಪೆನ್ನಿನದೋ, ಕೊಂಡವನದೋ, ಕಂಪನಿಯದೋ? ಶೇಫರ್ ಕಂಪನಿಯು ಅನೇಕ ಒಡೆಯರ ಕೈ ದಾಟಿತು. ಅದು ಹುಟ್ಟಿದ ಊರಿನ ಕಾರ್ಖಾನೆಯು 2008ರಲ್ಲಿ ಮುಚ್ಚಿತು. ಆ ಹೆಸರನ್ನು 2022ರಲ್ಲಿ ಕೊಂಡುಕೊಂಡದ್ದು ನಮ್ಮ ಬೆಂಗಳೂರಿನ ವಿಲಿಯಂ ಪೆನ್ ಎಂಬ ಸಂಸ್ಥೆ! ಕನ್ನಡ ನಾಡಿನ ರಾಜಧಾನಿಗೆ ಇದು ಹೆಮ್ಮೆಯ ಮಾತೇ ಸರಿ. ಆದರೆ ಪಾಠವನ್ನು ಮರೆಯಬಾರದು. ವಸ್ತುವು ಉಳಿದರೂ ವಚನ ಕೊಟ್ಟವರು ಬದಲಾಗುತ್ತಾರೆ.

ನಮ್ಮ ನೆರೆಯಲ್ಲಿಯೇ ಬೇರೊಂದು ಮಾದರಿಯಿದೆ. ಗೋದಾವರೀ ತೀರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು ಸ್ವದೇಶೀ ಚಳವಳಿಯ ಪ್ರೇರಣೆಯಿಂದ 1932ರಲ್ಲಿ ರತ್ನಂ ಪೆನ್ ವರ್ಕ್ಸ್ ಸ್ಥಾಪಿಸಿದರು. ಅವರು ಕಳುಹಿಸಿದ ಪೆನ್ನಿನಲ್ಲಿ ಬರೆದು ನೋಡಿ, ಮೆಚ್ಚಿ, ಗಾಂಧೀಜಿಯವರು 1935ರ ಜುಲೈ 16ರಂದು ಪತ್ರ ಬರೆದರು. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಕೋಲನ್ನು ಚರಕಿಗೆ ಹಿಡಿದು ಕೈಯಿಂದ ಕಡೆದ ಇಂಥ ಪೆನ್ನಿನ ನಿಬ್ಬು ಹೋದರೆ ನಿಬ್ಬನ್ನು, ನಾಲಗೆ ಹೋದರೆ ನಾಲಗೆಯನ್ನು ಬದಲಿಸಬಹುದು, ಪೆನ್ನನ್ನೇ ಎಸೆಯಬೇಕಾಗಿಲ್ಲ. ಹೈದರಾಬಾದಿನಲ್ಲಿ 1928ರಲ್ಲಿ ಆರಂಭವಾದ ಡೆಕ್ಕನ್ ಪೆನ್ ಸ್ಟೋರ್ಸ್ ಕೂಡ ಮಾರಾಟದಷ್ಟೇ ದುರಸ್ತಿಗೂ ಹೆಸರಾಯಿತು. ಮಾರಿದವನೇ ದುರಸ್ತಿಯನ್ನೂ ಬಲ್ಲವನಾದರೆ ಅವನ ಕೈಯೇ ಗ್ಯಾರಂಟಿ.

ಇದರ ವಿರುದ್ಧದ ಅನುಭವವೂ ನಮಗಾಗಿದೆ. ನಮ್ಮ ಶಾಲೆಯ ಪೋಷಕರೊಬ್ಬರು ಮಗಳ ಪರೀಕ್ಷೆಗಾಗಿ ಪಟ್ಟಣದಿಂದ ಒಂದು ವರ್ಷದ ಗ್ಯಾರಂಟಿಯುಳ್ಳ ಪೆನ್ನನ್ನು ತಂದರು. ಎರಡೇ ತಿಂಗಳಲ್ಲಿ ಮುಚ್ಚಳವು ಸೀಳಿತು. ಅಂಗಡಿಯವರು ಬಿಲ್ಲು ಕೇಳಿದರು; ಕೊಳ್ಳುವಾಗ ಬಿಲ್ಲನ್ನು ಅವರೇ ಕೊಟ್ಟಿರಲಿಲ್ಲ. ಚೀಟಿಯಲ್ಲಿ ತಾರೀಖೂ ಇಲ್ಲ, ಮೊಹರೂ ಇಲ್ಲ. ಕಂಪನಿಗೆ ಕಳುಹಿಸೋಣವೆಂದರೆ ಹೋಗಿಬರುವ ಅಂಚೆಯ ವೆಚ್ಚವು ಪೆನ್ನಿನ ಬೆಲೆಯನ್ನು ಮೀರುತ್ತಿತ್ತು. ಆ ತಂದೆ ಒಂದು ದಿನದ ಕೂಲಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರು. ಮುರಿದದ್ದು ಮುಚ್ಚಳವಾದರೂ, ಆ ಬಾಲಿಕೆಯ ಮನಸ್ಸಿನಲ್ಲಿ ದೊಡ್ಡವರು ಅಚ್ಚು ಹಾಕಿಸಿ ಕೊಟ್ಟ ಮಾತಿನ ಬೆಲೆಯೂ ಕುಗ್ಗಿತು. ನನಗೆ ಹೆಚ್ಚು ನೋವಾದದ್ದು ಅದಕ್ಕೆ.

ಪೋಷಕ ಬಂಧುಗಳೇ, ಇಂಥ ಸಂದರ್ಭದಲ್ಲಿ ಕಾನೂನು ತಮ್ಮ ಪಕ್ಷದಲ್ಲಿದೆ. 1930ರ ಸರಕು ಮಾರಾಟ ಕಾಯಿದೆಯು “ಷರತ್ತು” ಮತ್ತು “ವಾರಂಟಿ” ಎಂಬ ಎರಡನ್ನು ಬೇರ್ಪಡಿಸುತ್ತದೆ. ಮುಖ್ಯ ಷರತ್ತು ಮುರಿದರೆ ಸರಕನ್ನೇ ನಿರಾಕರಿಸಬಹುದು. ವಾರಂಟಿ ಮುರಿದರೆ ನಷ್ಟ ಪರಿಹಾರವನ್ನು ಕೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ತಕ್ಕ ಪರೀಕ್ಷೆಯಿಲ್ಲದೆ ವಸ್ತುವಿನ ಬಾಳಿಕೆಯ ಬಗ್ಗೆ ಭರವಸೆ ಕೊಡುವುದು, ಬಿಲ್ಲು ಕೊಡದಿರುವುದು, ದೋಷವುಳ್ಳ ವಸ್ತುವನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳಲು ನಿರಾಕರಿಸುವುದು, ಇವೆಲ್ಲವೂ ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಗಳು. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿಗಳವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಲಹೆ ದೊರೆಯುತ್ತದೆ. ಒಂದು ಪೆನ್ನಿಗಾಗಿ ಆಯೋಗದ ಮೆಟ್ಟಿಲು ಹತ್ತಿರೆಂದು ನಾನು ಹೇಳುತ್ತಿಲ್ಲ. ಆದರೆ ಬಿಲ್ಲು ಕೇಳುವ ಅಭ್ಯಾಸವನ್ನು ಪೆನ್ನಿನಿಂದ ಆರಂಭಿಸಿದವರು ನಾಳೆ ಬೀಜ, ಗೊಬ್ಬರ, ಪಂಪುಸೆಟ್ಟು ಕೊಳ್ಳುವಾಗ ಮೋಸ ಹೋಗುವುದಿಲ್ಲ.

ಇಷ್ಟನ್ನು ವಿಚಾರಿಸಿದ ಮೇಲೆ ಸಂಘಕ್ಕೆ ನನ್ನ ಶಿಫಾರಸು ಇದು. ಅತಿ ದೀರ್ಘ ಗ್ಯಾರಂಟಿಯ ಪೆನ್ನನ್ನು ನಾವು ಹುಡುಕುವುದು ಬೇಡ. ನಿಬ್ಬು ಮತ್ತು ನಾಲಗೆಯನ್ನು ಬೇರೆಯಾಗಿ ಕೊಂಡು ಬದಲಿಸಬಹುದಾದ ಪೆನ್ನನ್ನು ಕೊಳ್ಳೋಣ. ಬೆಳಿಗ್ಗೆ ರೈಲು ಹತ್ತಿ ಸಂಜೆಗೆ ಹಿಂದಿರುಗಬಹುದಾದಷ್ಟು ಹತ್ತಿರದಲ್ಲಿ, ದುರಸ್ತಿ ಬಲ್ಲ ವ್ಯಾಪಾರಿಯಿಂದಲೇ ಕೊಳ್ಳೋಣ. ಪ್ರತಿ ಚೀಟಿಗೂ ತಾರೀಖು ಮತ್ತು ಮೊಹರು ಹಾಕಿಸಿ, ಬಿಲ್ಲನ್ನು ಶಾಲೆಯ ಕಚೇರಿಯಲ್ಲಿ ಇಡೋಣ. ಒಂದು ಡಜನ್ ನಿಬ್ಬುಗಳನ್ನು ಹೆಚ್ಚಾಗಿ ತರಿಸಿದರೆ ಬಿದ್ದ ಪೆನ್ನಿಗೂ ಮರುಜನ್ಮ ಉಂಟು.

ಈಗ ವಿದ್ಯಾರ್ಥಿಗಳಿಗೆ ಎರಡು ಮಾತು. ಗ್ಯಾರಂಟಿಯು ಒಳಗೊಳ್ಳದ ಭಾಗವೆಲ್ಲ ನಿಮ್ಮ ಕೈಯಲ್ಲಿದೆ. ಬರೆದಾದ ಕೂಡಲೇ ಮುಚ್ಚಳ ಹಾಕಿರಿ. ಜೇಬಿನಲ್ಲಿ ನಿಬ್ಬು ಮೇಲಾಗಿರಲಿ. ನಿಬ್ಬನ್ನು ಒತ್ತಬೇಡಿ, ಶಾಯಿ ತಾನೇ ಹರಿಯುತ್ತದೆ. ಚಿತ್ರ ಬರೆಯುವ ಇಂಡಿಯನ್ ಇಂಕನ್ನು ಎಂದಿಗೂ ತುಂಬಬೇಡಿ; ಅದರ ಮಸಿಯೂ ಅರಗೂ ಗೀರುಗಳಲ್ಲಿ ಗಟ್ಟಿಯಾಗಿ ಕೂರುತ್ತವೆ. ಪ್ರತಿ ಶನಿವಾರ ಪೆನ್ನನ್ನು ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡ, ಎಬೊನೈಟಿನ ಹೊಳಪು ಕೆಡುತ್ತದೆ. ತಾಂಡೂರಿನ ಕಡೆಯ ಸುಣ್ಣದ ಕಲ್ಲಿನ ನೆಲದಲ್ಲಿ ಬಾವಿಯ ನೀರು ಗಡಸು. ಅದು ಒಣಗಿದರೆ ಕೊಡದ ಒಳಮೈಯಲ್ಲಿ ಕಾಣುವ ಬಿಳಿಯ ಕಟ್ಟು ಪೆನ್ನಿನ ಒಳಗೂ ಕೂರುತ್ತದೆ. ಆದುದರಿಂದ ಮಳೆನೀರನ್ನಾಗಲಿ, ಕಾಯಿಸಿ ಆರಿಸಿ ಸೋಸಿದ ನೀರನ್ನಾಗಲಿ ಬಳಸಿರಿ. ರಜೆಯ ಮುನ್ನಾದಿನ ಶಾಯಿಯನ್ನು ಪೂರ್ತಿ ತೆಗೆದು, ತೊಳೆದು, ಒಣಗಿಸಿ ಇಡಿರಿ.

ಮಕ್ಕಳೇ, ಪುಣ್ಯಕೋಟಿಯ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಹುಲಿಗೆ ಅದು ಕೊಟ್ಟದ್ದೂ ಒಂದು ಗ್ಯಾರಂಟಿಯೇ. ಅದಕ್ಕೆ ಮೊಹರಿರಲಿಲ್ಲ, ಚಿಕ್ಕ ಅಕ್ಷರಗಳಿರಲಿಲ್ಲ. ಕರುವಿಗೆ ಹಾಲುಣಿಸಿ ಹಿಂದಿರುಗುವೆನೆಂಬ ಒಂದು ಮಾತು, ಅದನ್ನು ನಡೆಸುವ ಒಂದು ಜೀವ, ಇಷ್ಟೇ ಇತ್ತು. ಸಂಘವು ಕೊಡುವ ಪೆನ್ನಿನೊಡನೆ ನೀವೂ ಒಂದು ಮಾತು ಕೊಡಿರಿ: ಹತ್ತನೆಯ ತರಗತಿಯ ಕೊನೆಯ ಉತ್ತರಪತ್ರಿಕೆಯನ್ನು ಇದೇ ಪೆನ್ನಿನಿಂದ ಬರೆಯುವೆವೆಂದು. ಅಲ್ಲಿಯವರೆಗೆ ಅದರ ನಿಬ್ಬು ನೋಡಿಕೊಳ್ಳುವ ಹೊಣೆ ಶಾಲೆಯದು.