ವಕೀಲರ ಕಚೇರಿಗೆ ಗಣಕಯಂತ್ರ ಬಂತು, ಕಕ್ಷಿದಾರನ ಕೈಗೆ ಏನು ಬಂತು?

(ಚಿಕ್ಕೋಡಿಯಲ್ಲಿ ಕಾರ್ಮಿಕರು, ಸಣ್ಣ ವ್ಯಾಪಾರಿಗಳು ಹಾಗೂ ಕೆಲವು ವಕೀಲ ಮಿತ್ರರು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ವಕೀಲರ ಕಚೇರಿಗಳು ಹೊಸ ಯಂತ್ರಸಾಧನಗಳಿಂದ ಹೇಗೆ ಸುಧಾರಿಸಬೇಕು ಎಂಬ ವಿಷಯದ ಮೇಲೆ ಮಾತಾಡಲು ನನಗೆ ಹೇಳಿದ್ದೀರಿ. ನಾನು ವಕೀಲನಲ್ಲ, ಗಣಕಯಂತ್ರದ ತಜ್ಞನೂ ಅಲ್ಲ. ಕೆಲವು ವರ್ಷ ಸಾಲಿ ಮಾಸ್ತರಿಕೆ ಮಾಡಿ ಈಗ ನಿಮ್ಮ ನಡುವೆ ಓಡಾಡುತ್ತಿರುವವನು. ಆದರೆ ನಿಮ್ಮೊಡನೆ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಕಾದ ದಿವಸಗಳನ್ನು ಎಣಿಸಿದರೆ ಮಾತಾಡುವ ಹಕ್ಕು ನನಗೂ ಸ್ವಲ್ಪ ಬಂದಿದೆಯೆಂದು ತಿಳಿಯುತ್ತೇನೆ.

ನಿಪ್ಪಾಣಿಯ ಕಡೆಯ ಒಬ್ಬ ತಾಯಿ. ಬೀಡಿ ಕಟ್ಟಿ ಸಂಸಾರ ಸಾಗಿಸುವವಳು. ತವರಿನ ಹೊಲದಲ್ಲಿ ತನ್ನ ಪಾಲಿಗಾಗಿ ದಾವೆ ಹಾಕಿದ್ದಳು. ಅವಳ ಕೈಯಲ್ಲಿದ್ದದ್ದು ಒಂದು ಚೀಟಿ. ಅದರ ಮೇಲೆ ವಕೀಲರ ಹೆಸರು ಮತ್ತು ಒಂದು ತಾರೀಖು. ಆ ತಾರೀಖಿಗೆ ಹೋದರೆ ಕೋರ್ಟಿನಲ್ಲಿ ಅವಳ ಹೆಸರನ್ನೇ ಕೂಗಲಿಲ್ಲ. ವಕೀಲರ ಕಚೇರಿಗೆ ಹೋದರೆ, ಕಾರಕೂನ ಜ್ವರದಿಂದ ಮಲಗಿದ್ದಾನೆ, ಡೈರಿ ಅವನ ಹತ್ತಿರ ಇದೆ, ನಾಳೆ ಬಾ ಎಂದರು. ಮರುದಿವಸವೂ ಹೋದಳು. ಎರಡು ದಿವಸದ ಬೀಡಿ ಹೋಯಿತು, ಬಸ್ಸಿನ ಖರ್ಚು ಹೋಯಿತು. ಮೂರನೆಯ ದಿವಸ ನನ್ನ ಹತ್ತಿರ ಬಂದು ಕುಳಿತಳು. ಜೊತೆಗಿದ್ದ ಒಬ್ಬ ಹುಡುಗ ತನ್ನ ಮೊಬೈಲಿನಲ್ಲಿ ಕೋರ್ಟಿನ ಹೆಸರು, ಅವಳ ಹೆಸರು, ದಾವೆ ಹಾಕಿದ ವರ್ಷ ಹಾಕಿ ನೋಡಿದ. ಎರಡು ನಿಮಿಷ ಹಿಡಿಯಿತು. ಅವಳ ವಾಯಿದೆ ಹಿಂದಿನ ವಾರವೇ ಆಗಿಹೋಗಿತ್ತು. ಮುಂದಿನ ತಾರೀಖು ಒಂದೂವರೆ ತಿಂಗಳಿಗಿತ್ತು.

ಎರಡು ದಿವಸ ಅಲೆದರೂ ಸಿಗದ ಸುದ್ದಿ ಎರಡು ನಿಮಿಷದಲ್ಲಿ ಸಿಗುವದಾದರೆ, ಆ ವಕೀಲರ ಕಚೇರಿಯ ಮೇಜಿನ ಮೇಲಿದ್ದ ಗಣಕಯಂತ್ರ ಯಾರ ಸಲುವಾಗಿ ಇತ್ತು? ನಾನು ಈ ಪ್ರಶ್ನೆಯಿಂದಲೇ ಹೊರಡುತ್ತೇನೆ. ಆ ವಕೀಲರು ಒಳ್ಳೆಯವರೇ. ಫೀ ಸಹ ಕಡಿಮೆ ತೆಗೆದುಕೊಂಡವರು. ಅವರ ಯಂತ್ರ ಅರ್ಜಿ ಟೈಪು ಮಾಡುವದಕ್ಕೆ ಮಾತ್ರ ಉಪಯೋಗವಾಗುತ್ತಿತ್ತು. ಹಳೆಯ ಟೈಪರೈಟರಿನ ಜಾಗದಲ್ಲಿ ಹೊಸ ಟೈಪರೈಟರು ಕುಳಿತಿತ್ತು, ಅಷ್ಟೇ.

ಸರಕಾರ ಮತ್ತು ನ್ಯಾಯಾಲಯಗಳು ಇದರಲ್ಲಿ ಬಹಳ ಮುಂದೆ ಹೋಗಿವೆ. ಇ-ಕೋರ್ಟ್ಸ್ ಯೋಜನೆ 2007ರಲ್ಲಿ ಆರಂಭವಾಯಿತು. ಎರಡನೆಯ ಹಂತ 2015ರಲ್ಲಿ. ಮೂರನೆಯ ಹಂತಕ್ಕೆ ಕೇಂದ್ರ ಮಂತ್ರಿಮಂಡಲ 2023ರ ಸಪ್ಟೆಂಬರದಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿತು. ಅದು ನೀವು ಕೊಟ್ಟ ತೆರಿಗೆಯ ರೊಕ್ಕ. ನೀವು ಕೊಳ್ಳುವ ಬೆಂಕಿಪೆಟ್ಟಿಗೆಯಿಂದ ಹೋದದ್ದೂ ಅದರಲ್ಲಿದೆ. ಅದರ ಫಲವಾಗಿ ಇಂದು ತಾಲೂಕು ಕೋರ್ಟಿನ ಪ್ರತಿಯೊಂದು ಪ್ರಕರಣಕ್ಕೂ ಸಿ.ಎನ್.ಆರ್. ಎಂಬ 16 ಅಕ್ಷರ-ಅಂಕಿಗಳ ಗುರುತು ಇದೆ. ಮೊದಲಿನ ಎರಡಕ್ಷರ ರಾಜ್ಯದ್ದು, ಮುಂದಿನವು ಜಿಲ್ಲೆ ಮತ್ತು ನ್ಯಾಯಾಲಯದವು, ಆಮೇಲೆ ಪ್ರಕರಣದ ಅಂಕಿ, ಕೊನೆಯ ನಾಲ್ಕು ಇಸವಿ. ಪ್ರಕರಣ ಒಂದು ನ್ಯಾಯಾಧೀಶರಿಂದ ಇನ್ನೊಬ್ಬರ ಮುಂದೆ ಹೋದರೂ ಈ ಗುರುತಿನಿಂದ ಅದನ್ನು ಹುಡುಕಬಹುದು. ಸಾಲಿಯ ಹಾಜರಿ ಪುಸ್ತಕದಲ್ಲಿ ಹುಡುಗನ ರಜಿಸ್ಟರ ನಂಬರ ಇದ್ದಂತೆ: ಮಾಸ್ತರು ಬದಲಾದರೂ, ವರ್ಗ ಬದಲಾದರೂ ಅದು ಬದಲಾಗದು. ಈ ಸಭೆಯಲ್ಲಿ ದಾವೆ ಇದ್ದವರು ಎಷ್ಟು ಜನ ಎಂದು ಕೇಳಿದಾಗ ಬಹಳ ಕೈಗಳು ಮೇಲೆದ್ದವು. ಆ ನಂಬರ ಗೊತ್ತಿದ್ದವರು ಎಷ್ಟು ಎಂದಾಗ ಮೂರೇ ಕೈ. ವಕೀಲ ಮಿತ್ರರೇ, ವಕಾಲತ್ತಿಗೆ ಸಹಿ ಮಾಡಿಸಿಕೊಂಡು ಪ್ರಕರಣ ದಾಖಲಾದ ಕೂಡಲೇ ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕಕ್ಷಿದಾರನ ಕೈಗೆ ಕೊಡುವದಕ್ಕೆ ಯಾವ ಯಂತ್ರವೂ ಬೇಡ. ಒಂದು ಪೆನ್ನು ಸಾಕು.

ಇನ್ನು ಕಾಗದದ ಮಾತು. 2019ರ ಆಗಸ್ಟಿನ ಮಹಾಪೂರವನ್ನು ಯಾರೂ ಮರೆತಿಲ್ಲ. ಕೃಷ್ಣಾ, ದೂಧಗಂಗಾ, ವೇದಗಂಗಾ ಒಂದೇ ಸಲ ಏರಿದವು. ಯಡೂರ, ಇಂಗಳಿ, ಮಾಂಜರಿ, ಆ ಕಡೆ ಕಾಗವಾಡ ತಾಲೂಕಿನ ಜುಗೂಳ, ಮಂಗಾವತಿ, ಎಷ್ಟು ಊರ ಹೆಸರು ಹೇಳಲಿ! 2021ರ ಜುಲೈದಲ್ಲಿ ನೀರು ಮತ್ತೆ ಬಂತು. ಜನ ದನಕರು ಹೊಡೆದುಕೊಂಡು, ಮಕ್ಕಳನ್ನು ಎತ್ತಿಕೊಂಡು ಹೊರಬಿದ್ದರು. ತಗಡಿನ ಪೆಟ್ಟಿಗೆಯಲ್ಲಿದ್ದ ಖರೀದಿ ಪತ್ರ, ವಾಟಣಿ ಪತ್ರ, ಅಜ್ಜನ ಕಾಲದ ಉತಾರ ಅಲ್ಲಿಯೇ ಉಳಿದವು. ನೀರು ಇಳಿದ ಮೇಲೆ ಅಂಗಳದಲ್ಲಿ ಕಾಗದ ಒಣಹಾಕಿಕೊಂಡು ಕುಳಿತ ಮುದುಕರನ್ನು ನಾನು ಕಂಡಿದ್ದೇನೆ. ಮಸಿ ಹರಿದುಹೋದ ಕಾಗದ ಒಣಗಿದರೂ ಓದಲು ಬರುವದಿಲ್ಲ.

ಸರಕಾರದ ದಫ್ತರದಿಂದ ಕೆಲವನ್ನು ಮತ್ತೆ ತರಬಹುದು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿವೆ. ಆದರೆ ಮನೆಯೊಳಗಿನ ವಾಟಣಿಯ ಚೀಟಿ, ಹಸ್ತಾಂತರದ ಪಾವತಿ, ಯಾರದೋ ಸಾಕ್ಷಿ ಹಾಕಿದ ಕರಾರು ಎಲ್ಲಿಂದ ತರುತ್ತೀರಿ? ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. 1956ರ ನವೆಂಬರ 1ರವರೆಗೆ ನಾವು ಮುಂಬಯಿ ಪ್ರಾಂತದಲ್ಲಿದ್ದವರು. ಹಳೆಯ ಕಾಗದಗಳು ಮರಾಠಿಯಲ್ಲಿ, ಅದರಲ್ಲಿಯೂ ಅನೇಕವು ಮೋಡಿ ಲಿಪಿಯಲ್ಲಿ ಇವೆ. ಮೋಡಿ ಓದುವವರು ಈಗ ಬೆರಳೆಣಿಕೆಯಷ್ಟು ಜನ. ಒಂದು ಕಾಗದ ಹಾಳಾಯಿತೆಂದರೆ, ಅದನ್ನು ಓದಬಲ್ಲ ಮುದುಕ ತೀರಿಕೊಂಡನೆಂದರೆ, ನಿಮ್ಮ ಹಕ್ಕಿನ ಬೇರು ಕಡಿದಂತೆಯೇ ಸರಿ. ಆದುದರಿಂದ ವಕೀಲರ ಕಚೇರಿಗೆ ಮೊದಲು ಬೇಕಾದದ್ದು ಒಂದು ಒಳ್ಳೆಯ ಸ್ಕ್ಯಾನರು. ಕಕ್ಷಿದಾರ ಕಾಗದ ತಂದ ದಿವಸವೇ ಪ್ರತಿಯೊಂದು ಪುಟದ, ಬೆನ್ನಿನ ಮೇಲಿನ ಶಿಕ್ಕೆಯ ಸಹಿತ, ಚಿತ್ರ ತೆಗೆಯಬೇಕು. ಅಸಲನ್ನು ಪಾವತಿ ಬರೆದು ಹಿಂದಕ್ಕೆ ಕೊಡಬೇಕು, ಇಲ್ಲವೆ ಕೋರ್ಟಿಗೆ ಹಾಜರುಪಡಿಸಬೇಕು. ಮೋಡಿ ಕಾಗದವಿದ್ದರೆ ಓದಬಲ್ಲವರು ಇರುವಾಗಲೇ ಲಿಪ್ಯಂತರ ಮಾಡಿಸಿ ಜೊತೆಗೆ ಇಡಬೇಕು.

ಚಿತ್ರ ತೆಗೆದು ಅದೇ ಯಂತ್ರದಲ್ಲಿ ಇಟ್ಟರೆ ಆಯಿತೇ? ಮಹಾಪೂರಕ್ಕೆ ಬಸ್ತಾ ಮತ್ತು ಗಣಕಯಂತ್ರ ಎರಡೂ ಒಂದೇ. ಮೂರು ಪ್ರತಿಗಳಿರಲಿ: ಒಂದು ಕಚೇರಿಯ ಯಂತ್ರದಲ್ಲಿ, ಒಂದು ಬಿಡಿ ಡಿಸ್ಕಿನಲ್ಲಿ, ಒಂದು ಈ ಊರಿನ ಹೊರಗೆ. ಹೊರಗೆ ಎಂದರೆ ಅಂತರಜಾಲದ ಉಗ್ರಾಣವಾದರೂ ಆಗಬಹುದು, ನದಿಯಿಂದ ದೂರದ ಊರಿನಲ್ಲಿರುವ ನಂಬಿಗಸ್ತನ ತಿಜೋರಿಯಾದರೂ ಆಗಬಹುದು. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ನೋಡಬೇಕು. ತೆರೆಯದ ಪ್ರತಿ ಇದ್ದದ್ದೂ ಒಂದೇ, ಇಲ್ಲದ್ದೂ ಒಂದೇ.

ಇಲ್ಲಿಯೇ ಕನ್ನಡದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಅನೇಕ ಕಚೇರಿಗಳಲ್ಲಿ ಹತ್ತು-ಹದಿನೈದು ವರ್ಷದ ಅರ್ಜಿಗಳು ಹಳೆಯ ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಇವೆ. ಆ ಅಕ್ಷರ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ ಅಕ್ಷರಗಳ ಕಸ ಕಾಣುತ್ತದೆ. ಹೆಸರು ಹಾಕಿ ಹುಡುಕಿದರೆ ಸಿಗುವದಿಲ್ಲ. ಅವನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ತಿರುಗಿಸಿದ ಮೇಲೆ ಒತ್ತಕ್ಷರ, ಅಂಕಿ ಸರಿಯಾಗಿವೆಯೇ ಎಂದು ಒಬ್ಬರು ಕುಳಿತು ತಾಳೆ ನೋಡಬೇಕು. ಸರ್ವೇ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ನಿಮ್ಮ ಹೊಲ ಬೇರೆಯವನದಾಗುತ್ತದೆ.

ವ್ಯಾಪಾರಿ ಮಿತ್ರರಿಗೆ ಚೆಕ್ಕಿನ ತಂಟೆ ಗೊತ್ತೇ ಇದೆ. ಉದ್ರಿ ಮಾಲು ಒಯ್ದವನು ಕೊಟ್ಟ ಚೆಕ್ಕು ವಾಪಸು ಬಂತು. ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನ ಪ್ರಕಾರ, ಬ್ಯಾಂಕಿನಿಂದ ಸುದ್ದಿ ತಿಳಿದ 30 ದಿವಸದೊಳಗೆ ನೋಟೀಸು ಕಳಿಸಬೇಕು. ಅದು ಮುಟ್ಟಿದ ಮೇಲೆ ಅವನಿಗೆ 15 ದಿವಸದ ಅವಕಾಶ. ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಫಿರ್ಯಾದು. ಫಿರ್ಯಾದಿಗೆ ತಡವಾದರೆ ಕಾರಣ ತೋರಿಸಿ ಕೋರ್ಟಿನ ಕ್ಷಮೆ ಕೇಳಬಹುದು. ನೋಟೀಸಿನ 30 ದಿವಸ ದಾಟಿತೆಂದರೆ, ಚೆಕ್ಕಿನ ಆಯುಷ್ಯ ಉಳಿದಿದ್ದು ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕುವಂತಿದ್ದರೆ ಮಾತ್ರ ದಾರಿ. ಇಲ್ಲದಿದ್ದರೆ ಈ ಕಲಮಿನ ಬಾಗಿಲು ಮುಚ್ಚಿತು. ಒಂದು ವರ್ಷದ ಲಾಭ ಒಬ್ಬ ಮನುಷ್ಯನ ನೆನಪಿನ ಮೇಲೆ ನಿಂತಿದೆ! ಇಂಥ ಮುದ್ದತುಗಳನ್ನು ಯಂತ್ರದ ಪಂಚಾಂಗದಲ್ಲಿ ಹಾಕಿದರೆ ಅದು ಹತ್ತು ದಿವಸ ಮೊದಲು, ಮೂರು ದಿವಸ ಮೊದಲು ಗಂಟೆ ಬಾರಿಸುತ್ತದೆ. ಒಬ್ಬರ ಮೊಬೈಲಿನಲ್ಲಿ ಅಲ್ಲ. ಹಿರಿಯ ವಕೀಲರು, ಕಿರಿಯರು, ಕಾರಕೂನ, ಮೂವರಲ್ಲಿಯೂ. ಅಂದರೆ ಒಬ್ಬನಿಗೆ ಜ್ವರ ಬಂದರೆ ಕಚೇರಿಗೇ ಜ್ವರ ಬರುವದಿಲ್ಲ.

ಈಗ ಸಾಕ್ಷಿ ಪುರಾವೆಯೂ ಮೊಬೈಲಿನಲ್ಲಿಯೇ ಇರುತ್ತದೆ. ಮಾಲಿನ ಆರ್ಡರು ವಾಟ್ಸಾಪಿನಲ್ಲಿ, ಹಣ ಫೋನ್‌ಪೇದಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಮೇರೆಗೆ ಇಂಥ ದಾಖಲೆಯ ಜೊತೆ ಎರಡು ಭಾಗದ ಪ್ರಮಾಣಪತ್ರ ಬೇಕು. ಒಂದಕ್ಕೆ ಆ ಸಾಧನದ ಮೇಲ್ವಿಚಾರಣೆ ಇದ್ದವನ ಸಹಿ, ಇನ್ನೊಂದಕ್ಕೆ ತಜ್ಞನ ಸಹಿ. ಚಿತ್ರ ತೆಗೆದು ಕಾಗದದ ಮೇಲೆ ಮುದ್ರಿಸಿ ಕೊಟ್ಟರೆ ಮುಗಿಯಲಿಲ್ಲ. ವ್ಯಾಜ್ಯ ಬರುವ ಸಂಶಯ ಹುಟ್ಟಿದ ಕೂಡಲೇ ಮೊಬೈಲು ಮಾರಬೇಡಿರಿ, ಸಂದೇಶ ಅಳಿಸಬೇಡಿರಿ. ಇದನ್ನು ಮೊದಲನೆಯ ಭೆಟ್ಟಿಯಲ್ಲಿಯೇ ಹೇಳುವ ಕಚೇರಿಯನ್ನು ನಾನು ಸುಧಾರಿಸಿದ ಕಚೇರಿ ಎನ್ನುತ್ತೇನೆ.

ಬೀಗದ ವಿಷಯಕ್ಕೆ ಬರೋಣ. ಕಕ್ಷಿದಾರ ವಕೀಲನಿಗೆ ಹೇಳಿದ್ದು ಗುಪ್ತವಾಗಿ ಉಳಿಯಬೇಕೆಂದು ಕಾನೂನೇ ಹೇಳುತ್ತದೆ. ಆದರೆ ಎಷ್ಟೋ ಕಡೆ ಎಲ್ಲರಿಗೂ ಒಂದೇ ಪಾಸ್‌ವರ್ಡು. ಅದನ್ನು ಯಂತ್ರದ ಮೇಲೆಯೇ ಚೀಟಿ ಅಂಟಿಸಿ ಬರೆದಿರುತ್ತಾರೆ! ಗಂಡ-ಹೆಂಡಿರ ವ್ಯಾಜ್ಯದ ಕಾಗದ ವಾಟ್ಸಾಪಿನ ಯಾವುದೋ ಗುಂಪಿಗೆ ಹೋಗಿ ಬೀಳುತ್ತದೆ. ನಮ್ಮದು ಸಣ್ಣ ಊರು, ನಮ್ಮ ಕಾಗದ ಯಾರಿಗೆ ಬೇಕು ಎನ್ನಬೇಡಿರಿ. 2017ರ ಜೂನದಲ್ಲಿ ಹತ್ತಾರು ದೇಶಗಳಲ್ಲಿ ಶಾಖೆ ಇರುವ ಡಿ.ಎಲ್.ಎ. ಪೈಪರ್ ಎಂಬ ವಕೀಲರ ಸಂಸ್ಥೆಯ ಯಂತ್ರಗಳೇ ಒಂದು ದುಷ್ಟ ತಂತ್ರಾಂಶದಿಂದ ಸ್ತಬ್ಧವಾದವು. 2023ರ ಡಿಸೆಂಬರದಲ್ಲಿ ಕಿಡಿಗೇಡಿಗಳು ಅಶ್ಲೀಲ ಚಿತ್ರ ತೂರಿಸಿದ್ದರಿಂದ ನಮ್ಮ ಕರ್ನಾಟಕ ಹೈಕೋರ್ಟು ವಿಡಿಯೋ ಕಲಾಪವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಒಬ್ಬೊಬ್ಬರಿಗೆ ಬೇರೆ ಬೇರೆ ಬೀಗದ ಕೈ, ಮೊಬೈಲಿಗೆ ಬರುವ ಎರಡನೆಯ ಖಾತ್ರಿ, ಕೆಲಸ ಬಿಟ್ಟವನ ಕೈ ಅದೇ ದಿವಸ ರದ್ದು. ಇದಕ್ಕೆ ಒಂದು ಪೈಸೆಯೂ ಬೇಡ.

ಹಾಗೆಂದು ವಿಡಿಯೋ ಕಲಾಪವನ್ನು ನಾನು ಹಗುರ ಮಾಡುವದಿಲ್ಲ. ಧಾರವಾಡದ ಪೀಠ 2008ರಲ್ಲಿ ಬಂದು 2013ರಲ್ಲಿ ಕಾಯಂ ಆದದ್ದು ನಮಗೆ ದೊಡ್ಡ ಅನುಕೂಲ. ಆದರೂ ಕಾಗವಾಡ, ಅಥಣಿಯಿಂದ ಹೋಗಿಬರಲು ಒಂದು ದಿವಸದ ದುಡಿಮೆ ಹೋಗುತ್ತದೆ. ತಾಲೂಕಿನ ವಕೀಲರ ಕೋಣೆಯಲ್ಲಿ ಒಳ್ಳೆಯ ಕ್ಯಾಮರಾ, ಕರೆಂಟು ಹೋದರೂ ನಡೆಯುವ ಇನ್ವರ್ಟರು ಇದ್ದರೆ, ತನ್ನ ಅಪೀಲಿನ ವಾದವನ್ನು ಕಕ್ಷಿದಾರ ಇಲ್ಲಿಯೇ ಕುಳಿತು ಕೇಳಬಹುದು.

ಹೊಸ ಹುಚ್ಚು ಒಂದಿದೆ: ಕೃತಕ ಬುದ್ಧಿಯ ಯಂತ್ರಕ್ಕೆ ಅರ್ಜಿ ಬರೆಯಲು ಹೇಳುವದು. ಕರಡು ಮಾಡಿಸಲಿ, ತಕರಾರಿಲ್ಲ. ಆದರೆ ಅದು ಇಲ್ಲದ ತೀರ್ಪುಗಳನ್ನು ಇದ್ದಂತೆ ಹೇಳುತ್ತದೆ. 2023ರಲ್ಲಿ ನ್ಯೂಯಾರ್ಕಿನ ಕೋರ್ಟು ಅಂಥ ತೀರ್ಪುಗಳನ್ನು ಉದಾಹರಿಸಿದ ವಕೀಲರಿಗೆ 5,000 ಡಾಲರು ದಂಡ ಹಾಕಿತು. ಯಂತ್ರ ಬರೆದದ್ದನ್ನು ಓದದೆ ಸಹಿ ಹಾಕುವವರು ಸಾಲಿಯಲ್ಲಿ ಪಕ್ಕದ ಹುಡುಗನ ಪಾಟಿ ನೋಡಿ ಬರೆದವರೇ ಇರಬೇಕು.

ಕಾರಕೂನರ ಮುಖದಲ್ಲಿ ಒಂದು ಚಿಂತೆ ಕಾಣುತ್ತಿದೆ. ಯಂತ್ರ ಬಂದರೆ ನಮ್ಮ ಅನ್ನ ಹೋಗುತ್ತದೆಯೇ? ಈ ಪ್ರಶ್ನೆ ಗಿರಣಿ ಕಾರ್ಮಿಕರಿಗೆ ಹೊಸದಲ್ಲ. ನಾನು ವಕೀಲರಿಗೆ ಹೇಳುವದಿಷ್ಟು: ಮೂವತ್ತು ವರ್ಷದ ಬಸ್ತಾಗಳಲ್ಲಿ ಯಾವ ಕಾಗದ ಎಲ್ಲಿದೆ, ಯಾವ ಮನೆತನದ ಯಾವ ಶಾಖೆಯವರು ಯಾರು ಎಂಬುದು ಕಾರಕೂನನ ತಲೆಯಲ್ಲಿದೆ, ಯಂತ್ರದಲ್ಲಿ ಇಲ್ಲ. ಅವನನ್ನು ಬಿಟ್ಟು ಹೊಸ ಹುಡುಗನಿಂದ ಸ್ಕ್ಯಾನು ಮಾಡಿಸಿದರೆ ಸಾವಿರ ಪುಟಗಳ ಹೊಸ ಗೊಂದಲ ತಯಾರಾದೀತು. ಅವನಿಗೇ ಕಲಿಸಿರಿ, ಕಲಿತದ್ದಕ್ಕೆ ಸಂಬಳ ಏರಿಸಿರಿ.

ಖರ್ಚು? ಮುಂಬಯಿ, ಬೆಂಗಳೂರಿನ ನೂರಾರು ವಕೀಲರ ಕಂಪನಿಗಳ ಮಾತು ಬೇರೆ. ನಮ್ಮಲ್ಲಿ ಒಂದು ಕೋಣೆ, ಒಬ್ಬ ಹಿರಿಯರು, ಇಬ್ಬರು ಕಿರಿಯರು. ಪ್ರತಿಯೊಬ್ಬರೂ ದೊಡ್ಡ ಸ್ಕ್ಯಾನರು ಕೊಳ್ಳಬೇಕಾಗಿಲ್ಲ. ಸಹಕಾರದಿಂದ ಸಕ್ಕರೆ ಕಾರಖಾನೆ ಕಟ್ಟಿದ ನಾಡು ಇದು. ಇಲ್ಲಿ ವಕೀಲರ ಸಂಘವೊಂದು ತಾಲೂಕಿಗೊಂದು ಸ್ಕ್ಯಾನರು, ಒಬ್ಬ ತರಬೇತಾದ ಹುಡುಗಿ, ಒಂದು ವಿಡಿಯೋ ಕೋಣೆ ಇಡಲಾರದೇ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಯ ವಕೀಲರು ಕೂಡಿ ವಿಚಾರಿಸಬೇಕು. ಆದರೆ ಅದರ ಖರ್ಚನ್ನು ಬಡ ಕಕ್ಷಿದಾರನ ಫೀಗೆ ಸೇರಿಸಿದರೆ ನಾವು ಸುಮ್ಮನಿರುವದಿಲ್ಲ. ಅದನ್ನೂ ಇಂದೇ ಹೇಳಿಬಿಡುತ್ತೇನೆ.

ವಕೀಲರನ್ನು ಇಡುವ ಶಕ್ತಿ ಇಲ್ಲದವರು ಒಂದು ಮಾತು ನೆನಪಿಡಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಲ್ಲಿ ಕೈಗಾರಿಕಾ ಕಾರ್ಮಿಕನಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಮಹಾಪೂರದಂಥ ಆಪತ್ತಿಗೆ ಸಿಕ್ಕವರಿಗೆ ಪುಕ್ಕಟೆ ವಕೀಲರು ಸಿಗುವ ಹಕ್ಕಿದೆ. ಫೋನು ನಂಬರ 15100.

ಬರುವ ರವಿವಾರ ಮುಂಜಾನೆ ನಮ್ಮ ಕಚೇರಿಯಲ್ಲಿ ಇಬ್ಬರು ಹುಡುಗರು ಕುಳಿತಿರುತ್ತಾರೆ. ದಾವೆ ಇದ್ದವರು ನೋಟೀಸಿನ ಕಾಗದವನ್ನಾಗಲಿ, ಅದು ಇಲ್ಲದಿದ್ದರೆ ಕೋರ್ಟಿನ ಹೆಸರು ಮತ್ತು ಇಸವಿಯನ್ನಾಗಲಿ ತನ್ನಿರಿ. ನಿಮ್ಮ 16 ಅಕ್ಷರದ ನಂಬರನ್ನು ಹುಡುಕಿ ಪುಠ್ಠೆಯ ಮೇಲೆ ಬರೆದು ಕೊಡುತ್ತಾರೆ. ಮುಂದಿನ ತಾರೀಖು ನೋಡುವದನ್ನು ನಿಮ್ಮ ಮಗನಿಗೋ ಮಗಳಿಗೋ ಕಲಿಸುತ್ತಾರೆ. ಅಸಲು ಕಾಗದಗಳನ್ನು ಮಾತ್ರ ನಮ್ಮಲ್ಲಿ ಬಿಟ್ಟುಹೋಗಬೇಡಿರಿ. ನಮ್ಮ ಕಚೇರಿಯ ಮಾಡು ಸೋರುತ್ತದೆ.