ಕೌದಿ ಕೊಂಡವರು ಹೆಸರು ಬರ್ಕೊಂಡ್ರಾ?

ಕರೋಶಿಯಿಂದ ಮಾತಾಡ್ತಾ ಇದ್ದೀನಿ. ನಡು ನಡುವೆ ಟ್ರ್ಯಾಕ್ಟರ್ ಸದ್ದು ಬಂದ್ರೆ ಅಡ್ಜಸ್ಟ್ ಮಾಡ್ಕೊಳ್ರಿ. ಕಬ್ಬಿನ ಸೀಸನ್ ನಡೆದೈತಿ, ನನ್ನ ಸ್ಟುಡಿಯೋ ಅಂದ್ರೆ ನಮ್ಮ ಮನೆಯ ಅಟ್ಟ.

ಇವತ್ತು ಆಫ್ರಿಕಾದ ಕಲೆ, ಅದನ್ನ ಕೊಂಡು ಇಟ್ಕೊಳ್ಳೋ ಜನ, ಇವೆರಡರ ಬಗ್ಗೆ ಮಾತು. ವಿಷಯ ಹೇಳಿದ ಕೂಡಲೇ ನನ್ನ ಗೆಳೆಯ, "ಲೇ, ಚಿಕ್ಕೋಡಿ ತಾಲೂಕಿನಾಗ ಕುಂತು ಆಫ್ರಿಕಾದ ಉಸಾಬರಿ ನಿನಗ್ಯಾಕ?" ಅಂದ. ಕಾರಣ ಐತಿ. ಅದು ನಮ್ಮ ಆಯಿಯ ಕೌದಿಯಿಂದ ಶುರುವಾಗುತ್ತೆ.

ದಸರಾ ಹತ್ತಿರ ಬಂತಂದ್ರೆ ನಮ್ಮ ಕಡೆ ಹಾಸಿಗೆ ಹೊದಿಕೆ ಎಲ್ಲಾ ಹೊರಗೆ ಬರ್ತಾವೆ, ಒಗೆಯೋಕೆ. ಆಯಿ ತೀರಿಕೊಂಡ ಮರುವರ್ಷ ಅವಳು ಹೊಲಿದ ಕೌದಿ ಒಗೆದು ಹಾಕಿದ್ವಿ. ಒಂದು ಮೂಲೆ ಹರಿದಿತ್ತು. ಅವತ್ತೇ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡೋರು ಓಣಿಗೆ ಬಂದಿದ್ರು. "ಅವ್ವಾ, ಇದನ್ನೂ ಹಾಕಿಬಿಡು" ಅಂದವನು ನಾನೇ. ಆಗ ಬಿ.ಕಾಂ ಮೂರನೇ ವರ್ಷ, ಡಿಪ್ರಿಸಿಯೇಶನ್ ಬಾಯಿಪಾಠ. ಅಷ್ಟು ವರ್ಷ ಬಳಸಿದ ವಸ್ತು, ಬುಕ್ ವ್ಯಾಲ್ಯೂ ಸೊನ್ನೆ. ಬದಲಿಗೆ ಒಂದು ಬೋಗಾಣಿ ಬಂತು. ಈಗಲೂ ಅದರಲ್ಲೇ ಹಾಲು ಕಾಯಿಸ್ತೀವಿ.

ಆ ಕೌದಿಯೊಳಗೆ ಅಜ್ಜನ ಧೋತರ ಇತ್ತು, ಒಂದು ಇಳಕಲ್ ಸೀರೆಯ ಸೆರಗಿತ್ತು, ನನ್ನ ಕನ್ನಡ ಶಾಲೆಯ ಅಂಗಿ ಇತ್ತು. ನನಗೆ ನೆನಪಿರೋದು ಇಷ್ಟೇ. ಉಳಿದ ತುಂಡುಗಳು ಯಾರವು, ಯಾವ ವರ್ಷದವು ಅಂತ ನಾನು ಕೇಳಲೇ ಇಲ್ಲ.

ಕಾಮರ್ಸ್ ಓದಿದವರಿಗೆ ಗೊತ್ತಿರುತ್ತೆ, ಜರ್ನಲ್ ಎಂಟ್ರಿ ಬರೆದ ಮೇಲೆ ಕೆಳಗೆ ಒಂದು ಸಾಲು ನರೇಶನ್ ಬರೀಬೇಕು. ಈ ಹಣ ಯಾಕೆ ಹೋಯ್ತು, ಯಾರಿಗೆ ಹೋಯ್ತು ಅಂತ. ಡೆಬಿಟ್ ಕ್ರೆಡಿಟ್ ಸರಿ ಇದ್ರೂ ನರೇಶನ್ ಇಲ್ಲದಿದ್ರೆ ಅರ್ಧ ಮಾರ್ಕ್ಸ್ ಕಟ್. ಕಲೆ ಸಂಗ್ರಹ ಮಾಡೋರ ಲೋಕದಲ್ಲಿ ಈ ನರೇಶನ್‌ಗೇ ದೊಡ್ಡ ಬೆಲೆ. ಯಾರು ಮಾಡಿದ್ರು, ಎಲ್ಲಿ, ಯಾವಾಗ, ಯಾರ ಕೈಯಿಂದ ಯಾರ ಕೈಗೆ ಬಂತು. ಪ್ರೊವೆನನ್ಸ್ ಅಂತಾರೆ ಅದಕ್ಕೆ.

ಒಂದು ಉದಾಹರಣೆ ಹೇಳ್ತೀನಿ. ಎಲ್ ಅನತ್ಸುಯಿ ಅಂತ ಒಬ್ಬ ಕಲಾವಿದರಿದ್ದಾರೆ. 1944ರಲ್ಲಿ ಘಾನಾದಲ್ಲಿ ಹುಟ್ಟಿದವರು, ನೈಜೀರಿಯಾದ ಎನ್‌ಸುಕ್ಕಾದಲ್ಲಿ ದಶಕಗಟ್ಟಲೆ ಪಾಠ ಮಾಡಿದವರು. ಸಾರಾಯಿ ಬಾಟಲಿಯ ಮುಚ್ಚಳ ಇರುತ್ತಲ್ಲ, ಅದನ್ನ ಬಡಿದು, ಮಡಚಿ, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿದು ಗೋಡೆ ತುಂಬುವಷ್ಟು ದೊಡ್ಡ ಬಟ್ಟೆ ಥರ ಮಾಡ್ತಾರೆ. ದೂರದಿಂದ ಜರತಾರಿ ಸೀರೆ ಕಂಡಂಗೆ ಕಾಣುತ್ತೆ. ಹತ್ತಿರ ಹೋದ್ರೆ ಸಾರಾಯಿ ಬ್ರ್ಯಾಂಡ್‌ಗಳ ಹೆಸರು. ಕಥೆ ಆ ಮುಚ್ಚಳದಲ್ಲೇ ಐತಿ. ಯುರೋಪಿನ ವ್ಯಾಪಾರಿಗಳು ಪಶ್ಚಿಮ ಆಫ್ರಿಕಾದ ದಂಡೆಗೆ ಸಾರಾಯಿ ತಂದ್ರು, ಆ ವಿನಿಮಯದಲ್ಲಿ ಮನುಷ್ಯರನ್ನೂ ಹೊತ್ತೊಯ್ದರು. ಅನತ್ಸುಯಿ ಅವರಿಗೆ 2015ರಲ್ಲಿ ವೆನಿಸ್ ಬಿನಾಲೆಯಲ್ಲಿ ಜೀವಮಾನ ಸಾಧನೆಯ ಗೋಲ್ಡನ್ ಲಯನ್ ಬಂತು. 2023ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲ್ ಅವರ ಕೆಲಸದಿಂದ ತುಂಬಿತ್ತು. ಯೂಟ್ಯೂಬಿನಲ್ಲಿ ಅದನ್ನ ಮೊದಲ ಸಲ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಇದು ಕೌದಿ ಅಲ್ಲೇನ್ರೀ?

ಇನ್ನೊಂದು ಉದಾಹರಣೆ ಅಷ್ಟು ಚೆಂದ ಇಲ್ಲ. ಅಮೋಆಕೋ ಬೊಆಫೋ, ಇವರೂ ಘಾನಾದವರೇ. 'ದಿ ಲೆಮನ್ ಬೇದಿಂಗ್ ಸೂಟ್' ಅಂತ 2019ರ ಚಿತ್ರ. 2020ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂತು. ಅಂದಾಜು ಬೆಲೆ 30ರಿಂದ 50 ಸಾವಿರ ಪೌಂಡ್. ಹೋಗಿದ್ದು 6,75,000 ಪೌಂಡಿಗೆ. ಬಣ್ಣ ಆರಿ ವರ್ಷ ಆಗಿತ್ತೋ ಇಲ್ಲವೋ. ಹರಾಜಿನ ದುಡ್ಡು ಮಾರಿದವನಿಗೆ ಹೋಗುತ್ತೆ, ಬರೆದವನಿಗಲ್ಲ. ಕಥೆ ಕೊಂಡು, ಕಥೆ ಮಾರಿ, ಲಾಭ ಎತ್ಕೊಂಡು ಹೋಗೋ ಸಂಗ್ರಾಹಕರೂ ಇದ್ದಾರೆ ಅಂತ ಹೇಳೋಕೆ ಇದನ್ನ ಎತ್ತಿದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಖಾನಾಪುರದ ಕಾಡಿನ ಕಡೆ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಜನ ಇದ್ದಾರೆ. ಪೂರ್ವ ಆಫ್ರಿಕಾದಿಂದ, ಹೆಚ್ಚಾಗಿ ಪೋರ್ಚುಗೀಸರ ಗೋವಾಕ್ಕೆ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಬಹಳ. ಹಿಂದೂ ಸಿದ್ದಿಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದವರನ್ನ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ರು. ನಮ್ಮ ಬೆಳಗಾವಿ ಮತ್ತು ಧಾರವಾಡ ಜಿಲ್ಲೆಯವರು ಅದೇ ಪಟ್ಟಿಗೆ ಬರೋಕೆ 2020 ಆಗಬೇಕಾಯ್ತು. ಹಳಿಯಾಳದ ಸಿದ್ದಿ ಪಂಗಡಕ್ಕೆ ಸೇರಿದವನು, ಗಡಿ ದಾಟಿ ಈಚೆ ಬಂದ್ರೆ ಅಲ್ಲ! ಹದಿನೇಳು ವರ್ಷ ಹಂಗೇ ನಡೀತು.

ಈ ಮನೆಗಳ ಹೆಣ್ಣುಮಕ್ಕಳು ಕೌದಿ ಹೊಲೀತಾರೆ. ಅವರು ಕವಂದಿ ಅಂತಾರೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸದ ಪ್ರೊಫೆಸರ್ ಹೆನ್ರಿ ಡ್ರೂಯಲ್, ಆಫ್ರಿಕಾದ ಕಲೆಯ ಮೇಲೆ ಕೆಲಸ ಮಾಡಿದವರು, 2004ರ ಹೊತ್ತಿಗೆ ಇಲ್ಲಿಗೆ ಬಂದು ಇವನ್ನ ನೋಡಿದ್ರು. ಆಮೇಲೆ ಸಿದ್ದಿ ಮಹಿಳೆಯರ ಕೌದಿ ಸಹಕಾರಿಯೂ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಷಾಂಬರ್ಗ್ ಸೆಂಟರ್‌ನ ಗೋಡೆ ಮೇಲೆ ಈ ಕವಂದಿಗಳು ತೂಗಿದ್ವು. ಗೋಡೆ ಮೇಲೆ, ನೋಡ್ರಿ. ಇಲ್ಲಿ ನಾವು ಅದನ್ನ ನೆಲಕ್ಕೆ ಹಾಸ್ತೀವಿ.

ಕಳೆದ ಚಳಿಗಾಲ ನಾನು ಬೆಳಗಾವಿ, ಖಾನಾಪುರ, ಅಳ್ನಾವರ ದಾಟಿ ಹಳಿಯಾಳದ ಕಡೆ ಹೋದೆ. ಬಸ್ಸಿಳಿದು ಒಂದಿಷ್ಟು ನಡೆದು ಒಂದು ಸಿದ್ದಿ ವಾಡಾ. ಅಲ್ಲಿ ಒಬ್ಬ ಅಕ್ಕ ಅಂಗಳದಲ್ಲಿ ಕೂತು ಹೊಲೀತಿದ್ರು. ಅವರ ಹೆಸರು ಇಲ್ಲಿ ಹೇಳಲ್ಲ, ಪಾಡ್‌ಕಾಸ್ಟಿನಲ್ಲಿ ಬೇಡ ಅಂದಿದ್ದಾರೆ. ಹೆಸರಿನ ಬಗ್ಗೆ ಇಷ್ಟು ಮಾತಾಡಿ ಹೆಸರೇ ಹೇಳ್ತಿಲ್ಲ ಅಂತ ನಗಬೇಡ್ರಿ. ಅದು ಅವರ ಇಚ್ಛೆ, ಅವರದ್ದೇ ಹೆಸರು.

ಹೊಲಿಯೋ ರೀತಿ ನೋಡಿ ದಂಗಾದೆ. ಕೆಳಗೆ ಹಳೇ ಹತ್ತಿ ಸೀರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ತುಂಡು ಜೋಡಿಸ್ತಾ ಸುತ್ತು ಬರ್ತಾರೆ. ಸೂಜಿ ಮೇಲೆ ಕೆಳಗೆ ಓಡೋ ಸಾದಾ ಹೊಲಿಗೆ. ಸುತ್ತು ಸುತ್ತಿ ಕಡೆಗೆ ನಡುಮಧ್ಯ ಸೇರಬೇಕು. ಮೊದಲೇ ನಕ್ಷೆ ಇಲ್ಲ, ಅಳತೆ ಟೇಪ್ ಇಲ್ಲ, ಮುಂದೆ ಯಾವ ಬಣ್ಣ ಅನ್ನೋದು ಕೈಗೆ ಸಿಕ್ಕ ತುಂಡು ನೋಡಿ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ಫೂಲ. ಅದಿಲ್ಲದ ಕವಂದಿ ಬತ್ತಲೆ ಇದ್ದಂಗೆ ಅಂತ. ಕ್ರೈಸ್ತರ ಮನೆಯ ಕವಂದಿಯಲ್ಲಿ ಶಿಲುಬೆ ಬರಬಹುದು, ಮುಸ್ಲಿಮರ ಮನೆಯದ್ದರಲ್ಲಿ ಅರ್ಧಚಂದ್ರ.

ಕೊನೆಯ ತುಂಡು ಕೂರಿಸೋ ಮುಂಚೆ ಅಕ್ಕ ನಾಲ್ಕು ಅಕ್ಕಿಕಾಳು ಒಳಗಿಟ್ಟು ಹೊಲಿದ್ರು. ಯಾಕಕ್ಕ ಅಂದೆ. ಹೊಟ್ಟೆ ತುಂಬಿರಬೇಕಲ್ಲ ಅಂದ್ರು. ನನಗೆ ಮೈ ಜುಂ ಅಂತು. ನಮ್ಮ ಆಯಿ ಕೌದಿ ಮುಗಿಸುವಾಗ ಒಂದು ಚೂರು ಚಪಾತಿ ಒಳಗಿಡ್ತಿದ್ಲು, ಕೌದಿ ಹಸಗೊಂಡು ಮಲಗಬಾರದು ಅಂತ.

ಹಂಗಾದ್ರೆ ಇದರಲ್ಲಿ ಆಫ್ರಿಕಾ ಎಷ್ಟು, ಕರ್ನಾಟಕ ಎಷ್ಟು? ಹೊರಗಿಂದ ಬಂದ ಸಂಗ್ರಾಹಕರು ಆಫ್ರಿಕಾದ ನೆನಪು ಹುಡುಕ್ತಾರೆ. ದಪ್ಪ ಬಣ್ಣ, ತಾಳ ತಪ್ಪಿದಂಗೆ ಕಂಡರೂ ತಪ್ಪದ ಜೋಡಣೆ, ಅದೆಲ್ಲ ಇರಬಹುದು. ಆದರೆ ಆ ಅಕ್ಕ ನನಗೆ ತೋರಿಸಿದ ನೆನಪು ಬೇರೆ. ಇದು ಮಗಳ ಶಾಲೆಯ ಯೂನಿಫಾರ್ಮ್. ಇದು ತಂಗಿ ಮದುವೆಗೆ ಉಟ್ಟ ಸೀರೆ. ಈ ಚೌಕಡಿ ಬಟ್ಟೆ ಗಂಡನ ಲುಂಗಿ, ಅವನಿಲ್ಲ ಈಗ. ಮೊಜಾಂಬಿಕ್ ಅಂತ ಒಂದು ಸಲವೂ ಬಾಯಲ್ಲಿ ಬರಲಿಲ್ಲ. "ಆಫ್ರಿಕಾದ ಆತ್ಮ" ಅಂತ ಚೀಟಿ ಅಂಟಿಸಿ ಮಾರಿದ್ರೆ ಬೆಲೆ ಏರುತ್ತೆ, ಆದರೆ ಗಂಡನ ಲುಂಗಿ ಎಲ್ಲಿ ಹೋಯ್ತು? ನನ್ನ ಅಭಿಪ್ರಾಯ ಕೇಳಿದ್ರೆ, ಚೀಟಿಯಲ್ಲಿ ಮೊದಲು ಹೊಲಿದವರ ಹೆಸರು, ಆಮೇಲೆ ಲುಂಗಿ, ಆಮೇಲೆ ಬೇಕಾದ್ರೆ ಖಂಡ.

ಯಾಕಂದ್ರೆ ಕಲೆ ಓಡಾಡ್ತೈತಿ. ಇವತ್ತು ಅಮೆರಿಕದಲ್ಲಿ ಇದೇ ರೀತಿ ಹೊಲಿಯೋದನ್ನ 'ಕವಂಡಿ' ಅಂತಲೇ ವರ್ಕ್‌ಶಾಪ್ ಮಾಡಿ ಕಲಿಸ್ತಾರೆ, ಫೀ ತಗೊಂಡು. ಕಲೀಲಿ, ತಪ್ಪಿಲ್ಲ. ಹಳಿಯಾಳದ ಅಂಗಳಕ್ಕೆ ಅದರಿಂದ ಏನು ಬಂತು ಅನ್ನೋದು ನನ್ನ ಪ್ರಶ್ನೆ.

ಕಾನೂನು ನೋಡಿದೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ 53ಎ ಅಂತ ಒಂದು ಸೆಕ್ಷನ್ ಐತಿ. ಮೂಲ ಕೃತಿ ಮತ್ತೆ 10,000 ರೂಪಾಯಿಗಿಂತ ಹೆಚ್ಚಿಗೆ ಮಾರಾಟ ಆದ್ರೆ ಮಾಡಿದವರಿಗೂ ಪಾಲು, ಗರಿಷ್ಠ ಶೇಕಡಾ 10. ಓದಿ ಖುಷಿಯಾಯ್ತು. ಆಮೇಲೆ ಪಟ್ಟಿ ನೋಡಿದೆ: ಚಿತ್ರ, ಶಿಲ್ಪ, ರೇಖಾಚಿತ್ರ, ಸಾಹಿತ್ಯ ನಾಟಕ ಸಂಗೀತದ ಮೂಲ ಹಸ್ತಪ್ರತಿ. ಕೌದಿ ಅನ್ನೋ ಶಬ್ದ ಆ ಪಟ್ಟಿಯಲ್ಲಿಲ್ಲ. ಇನ್ನು ಹೆಸರೇ ಗೊತ್ತಿಲ್ಲದವರಿಗೆ ಪಾಲು ಕೊಡ್ತೀನಿ ಅಂದ್ರೂ ಯಾರ ಖಾತೆಗೆ ಹಾಕೋದು?

ಅವತ್ತು ನಾನು ಒಂದು ಸಣ್ಣ ಕವಂದಿ ಕೊಂಡೆ, ಕೂಸು ಮಲಗಿಸೋ ಅಳತೆಯದು. ನಾಚಿಕೆಯಾಗುತ್ತೆ ಹೇಳೋಕೆ, ಮೊದಲು ಚೌಕಾಸಿ ಮಾಡಿದೆ. ಅಭ್ಯಾಸ. ಅಕ್ಕ ಸಿಟ್ಟಾಗಲಿಲ್ಲ, ಎಷ್ಟು ದಿನ ಕೂತೆ ಅಂತ ಬೆರಳು ಮಡಚಿ ಎಣಿಸಿದ್ರು, ಅಷ್ಟೇ. ಕೇಳಿದಷ್ಟು ಕೊಟ್ಟೆ. ಆಮೇಲೆ ನೋಟ್‌ಬುಕ್ ತೆಗೆದು ಅವರ ಹೆಸರು, ಊರು, ತಾರೀಕು, ಯಾವ ತುಂಡು ಯಾರದ್ದು, ಎಲ್ಲಾ ಬರ್ಕೊಂಡೆ. ಎರಡು ಪುಟ ತುಂಬಿತು. ಹಿಂದೆ ಎಷ್ಟೋ ಜನ ಬಂದು ಫೋಟೋ ಹೊಡ್ಕೊಂಡು ಹೋಗಿದ್ದಾರೆ, ಲುಂಗಿ ಯಾರದ್ದು ಅಂತ ಕೇಳಿರಲಿಲ್ಲ ಅಂದ್ರು.

ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಕವಂದಿ ಮಡಿಲಲ್ಲಿ ಹಾಕ್ಕೊಂಡು ಹೊಲಿಗೆ ಮೇಲೆ ಬೆರಳು ಆಡಿಸಿದ್ಲು. ನೋಟ್‌ಬುಕ್ ಓದಿಸಿ ಕೇಳಿದ್ಲು. ಆಮೇಲೆ, "ಆಯಿದು ಬರಿಯೋದಿಲ್ಲೇನು?" ಅಂದ್ಲು.

"ಕೌದಿನೇ ಇಲ್ಲಲ್ಲವ್ವಾ."

"ಕೌದಿ ಇಲ್ಲ. ನನಗ ಗೊತ್ತೈತಲ್ಲ."

ಕೂತು ಹೇಳೋಕೆ ಶುರು ಮಾಡಿದ್ಲು, ಮೂಲೆಯಿಂದ. ಹರಿದಿದ್ದ ಆ ಮೂಲೆಯ ಹಸಿರು ತುಂಡು ಅವಳ ಸೀಮಂತದ ಸೀರೆಯಂತೆ, ಅಂದ್ರೆ ನಾನು ಹೊಟ್ಟೆಯಲ್ಲಿದ್ದಾಗಿನದ್ದು. ನಾನು ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿದೆ. ಇಪ್ಪತ್ತೆರಡು ನಿಮಿಷ ಆಯ್ತು, ನಡುವೆ ಹಾಲು ಉಕ್ಕಿದ್ದಕ್ಕೆ ಒಂದು ಸಲ ಎದ್ದು ಹೋದ್ಲು. ಅದೇ ಬೋಗಾಣಿ. ಅವ್ವ ಒಪ್ಪಿದ್ರೆ ಆ ರೆಕಾರ್ಡಿಂಗ್ ಮುಂದಿನ ಎಪಿಸೋಡ್‌ನಲ್ಲಿ ಹಾಕ್ತೀನಿ. ಬರ್ತೀನ್ರಿ.