ದೂರದೇಶದಿಂದ ಬಂದ ಚಿತ್ರಗಳು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಸುತ್ತಲಾರದವರಿಗೂ ಓದಲಾರದವರಿಗೂ ಈಗ ಮೂರನೆಯ ದಾರಿಯೊಂದಿದೆ: ಸುತ್ತಿದವರು ತೆಗೆದ ಚಿತ್ರಗಳನ್ನು ಮನೆಯಲ್ಲಿಯೇ ಕುಳಿತು ನೋಡುವುದು. ಹಿಂದೆ ಪರದೇಶಕ್ಕೆ ಹೋದವರು ಮರಳಿ ಬಂದ ಮೇಲೆ ಆಲ್ಬಮ್ ತೆರೆದು ನೆರೆಹೊರೆಯವರಿಗೆ ತೋರಿಸುತ್ತಿದ್ದರು. ಈಗ ಉದ್ಯೋಗದ ನಿಮಿತ್ತ ಹೋದ ತಂದೆಯೋ ತಾಯಿಯೋ ಅಲ್ಲಿಯ ಸೇತುವೆಯ ಮೇಲೆ ನಿಂತಿರುವಾಗಲೇ ಆ ಸೇತುವೆಯ ಚಿತ್ರ ಇಲ್ಲಿಯ ಮಕ್ಕಳ ಕೈಯಲ್ಲಿರುತ್ತದೆ. ಇಂತಹ ಚಿತ್ರಗಳು ಮಕ್ಕಳಿಗೆ ಏನನ್ನು ಕೊಡುತ್ತವೆ, ಏನನ್ನು ಕೊಡುವುದಿಲ್ಲ ಎಂಬುದನ್ನು ಕುರಿತು ಒಂದೆರಡು ವಿಚಾರಗಳನ್ನು ಹೇಳುವುದು ಇಂದಿನ ಮಾತಿನ ಉದ್ದೇಶ.

ನಮ್ಮ ವಿಜಯಪುರವೇ ಒಮ್ಮೆ ಇತರರ ಪಾಲಿಗೆ ದೂರದೇಶವಾಗಿತ್ತು. 1855ರಲ್ಲಿ ಮುಂಬಯಿ ಸರಕಾರವು ಫಿರಂಗಿದಳದ ಅಧಿಕಾರಿಯಾದ ಕ್ಯಾಪ್ಟನ್ ಬಿಗ್ಸ್ ಎಂಬವನನ್ನು ಛಾಯಾಚಿತ್ರಕಾರನನ್ನಾಗಿ ನೇಮಿಸಿತು. ಅವನು ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಚಿತ್ರ ತೆಗೆದನು. ವಿಜಯಪುರದ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ ಅವನ ಚಿತ್ರಗಳು ಸೇರಿವೆ. ಅಂದಿನ ಕಾಗದದ ನೆಗೆಟಿವಿನ ಮೇಲೆ ಬೆಳಕು ಬಹಳ ಹೊತ್ತು ಬೀಳಬೇಕಾಗಿತ್ತು. ಕದಲದೆ ನಿಂತ ಗುಮ್ಮಟ, ಕಮಾನು, ಮಿನಾರುಗಳು ಸ್ಪಷ್ಟವಾಗಿ ಮೂಡುತ್ತಿದ್ದವು. ಅವುಗಳ ಮುಂದೆ ಹಾದುಹೋದ ಮನುಷ್ಯರು ಮೂಡುತ್ತಿರಲಿಲ್ಲ. ಲಂಡನ್ನಿನ ಓದುಗನು ಊರನ್ನು ಕಂಡನು, ಊರವರನ್ನು ಕಾಣಲಿಲ್ಲ.

ಆ ಗ್ರಂಥಕ್ಕೆ ಚರಿತ್ರೆಯ ಭಾಗವನ್ನು ಬರೆದವರು ಮೆಡೋಸ್ ಟೇಲರ್. ಸುರಪುರ ಸಂಸ್ಥಾನದ ಆಡಳಿತವನ್ನು ವರ್ಷಗಟ್ಟಲೆ ನೋಡಿಕೊಂಡವರು, ಬೋನಾಳದ ಕೆರೆಯ ಕೆಲಸ ಮಾಡಿಸಿದವರು. 1844ರಲ್ಲಿ ಅವರ ಪತ್ನಿ ತೀರಿಕೊಂಡರು. ಹೆಣ್ಣುಮಕ್ಕಳು ಸಮುದ್ರದಾಚೆ ಬೆಳೆದರು. ಟೇಲರರು ಒಳ್ಳೆಯ ಚಿತ್ರಕಾರರೂ ಆಗಿದ್ದರು. ದಖ್ಖನ್ನಿನ ರೇಖಾಚಿತ್ರಗಳ ಅವರ ಪುಸ್ತಕ 1837ರಲ್ಲಿಯೇ ಅಚ್ಚಾಗಿತ್ತು. ಆದರೆ ಆ ತಂದೆ ಸುರಪುರದಲ್ಲಿ ದಿನ ಬೆಳಗಾದರೆ ಏನು ಮಾಡುತ್ತಿದ್ದರು, ಯಾವ ತಂಟೆ ಬಗೆಹರಿಸುತ್ತಿದ್ದರು, ಯಾರ ಸಂಗಡ ಮಾತನಾಡುತ್ತಿದ್ದರು ಎಂಬುದು ತಿಳಿಯುವುದು ಚಿತ್ರಗಳಿಂದಲ್ಲ, ಅವರ ಆತ್ಮಕಥೆಯಿಂದ. 1876ರಲ್ಲಿ ಅವರು ತೀರಿಕೊಂಡ ಮರುವರ್ಷ ಅದನ್ನು ಸಂಪಾದಿಸಿ ಲೋಕಕ್ಕೆ ಕೊಟ್ಟವಳು ಮಗಳು ಆಲಿಸ್. ತಂದೆಯ ದುಡಿಮೆಯನ್ನು ಅವಳು ಅಕ್ಷರದಲ್ಲಿ ಉಳಿಸಿದಳು.

ಈಗಿನ ಮಾತಿಗೆ ಬರೋಣ. ಜೈನಾಪುರದ ನನ್ನ ಪರಿಚಿತರ ಮನೆಯ ಯಜಮಾನರು ಯಂತ್ರ ಜೋಡಣೆಯ ಕೆಲಸಕ್ಕಾಗಿ ಆರು ವಾರ ಜರ್ಮನಿಗೆ ಹೋಗಿದ್ದರು. ಪ್ರತಿ ರಾತ್ರಿ ಚಿತ್ರಗಳು ಬರುತ್ತಿದ್ದವು: ನದಿ, ಚರ್ಚಿನ ಶಿಖರ, ಹೂವಿನ ಮಡಿಗಳು. ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುವರು. ಒಂದು ದಿನ ಒಂಬತ್ತು ವರ್ಷದ ಮಗನು ಫೋನಿನಲ್ಲಿ, "ಅಪ್ಪಾ, ಎಲ್ಲಾ ಛಂದ ಅದಾವ. ಆದ್ರ ನೀ ಕೆಲಸಾ ಮಾಡೂ ಜಾಗಾ ಯಾವ್ದು?" ಎಂದು ಕೇಳಿದನಂತೆ. ಮರುದಿನ ಬಂದದ್ದು ಎರಡೇ ಚಿತ್ರ. ಒಂದರಲ್ಲಿ ಎಣ್ಣೆ ಹತ್ತಿದ ಕೈಗವಸುಗಳು. ಇನ್ನೊಂದರಲ್ಲಿ ಕಿರಿದಾದ ಕೋಣೆಯ ಮೇಜಿನ ಮೇಲೆ ಊರಿನಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹುಡುಗನ ತಾಯಿ ಆ ಎರಡನೆಯದನ್ನು ಬಹಳ ಹೊತ್ತು ನೋಡಿದರೆಂದು ಮನೆಯ ಹಿರಿಯರು ನನಗೆ ಹೇಳಿದರು.

ಪರದೇಶದಲ್ಲಿರುವ ತಂದೆ ತನ್ನ ದಣಿವನ್ನು ಮನೆಗೆ ಕಳುಹಿಸಲು ಇಷ್ಟಪಡುವುದಿಲ್ಲ. ಚೆಲುವನ್ನು ಮಾತ್ರ ಕಳುಹಿಸುತ್ತಾನೆ. ಇದು ವಾತ್ಸಲ್ಯದ ಲಕ್ಷಣವೇ ಹೌದು. ಆದರೆ ಇದರಿಂದ ಮಕ್ಕಳ ಮನಸ್ಸಿನಲ್ಲಿ ತಂದೆ ವಿಹಾರಕ್ಕೆ ಹೋದವನಾಗಿ ಉಳಿಯುತ್ತಾನೆ. ಅವನ ದುಡಿಮೆಯ ಅರಿವಿಲ್ಲದೆ ಬೆಳೆದ ಮಗುವಿಗೆ ಅವನು ತಂದ ಉಡುಗೊರೆಯ ಬೆಲೆಯೂ ತಿಳಿಯದು.

ನಮ್ಮ ಪ್ರವಾಸಸಾಹಿತ್ಯದ ಉತ್ತಮ ಕೃತಿಗಳು ಈ ಕೊರತೆಯನ್ನು ಬಲ್ಲವು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಎಂಬ ಕೃತಿಯ ಹೆಸರನ್ನೇ ಗಮನಿಸಿರಿ. ಅಮೆರಿಕವನ್ನು ಕಾಣುವ ಕಣ್ಣು ಯಾವ ಊರಿನದು ಎಂಬುದನ್ನು ಅದು ಮೊದಲೇ ಹೇಳಿಬಿಡುತ್ತದೆ. ನೋಡಿದ ವಸ್ತುವಿನೊಂದಿಗೆ ನೋಡಿದವನೂ ಕಾಣಿಸಿದಾಗ ಓದುಗನಿಗೆ ಆಪ್ತತೆ ಹುಟ್ಟುತ್ತದೆ.

ಮನೆಯ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಹೋದವರು ಹತ್ತು ಗೋಪುರಗಳ ಜೊತೆಗೆ ತಾವು ದುಡಿಯುವ ಮೇಜು, ಮಲಗುವ ಕೋಣೆ, ಜೊತೆಗಾರರ ಮುಖಗಳ ಒಂದೊಂದು ಚಿತ್ರವನ್ನಾದರೂ ಕಳುಹಿಸಲಿ. ಜೊತೆಗೆ ನಾಲ್ಕು ಸಾಲು ಕನ್ನಡ ಬರೆಯಲಿ. ಮನೆಯಲ್ಲಿದ್ದವರು ನೋಡಿ ಸುಮ್ಮನಾಗದೆ ಪ್ರಶ್ನೆ ಕೇಳಲಿ. ಫೋನಿನಲ್ಲಿ ಸಾವಿರ ಚಿತ್ರ ತುಂಬಿದರೂ ಫೋನು ಕೆಟ್ಟ ದಿನ ಅವು ಕೈಬಿಟ್ಟು ಹೋಗಬಹುದು. ಆದುದರಿಂದ ಅವುಗಳಲ್ಲಿ ಹತ್ತನ್ನು ಆರಿಸಿ, ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರು, ತಾರೀಖು ಮತ್ತು ಅಂದು ಮಾಡಿದ ಕೆಲಸವನ್ನು ಗುರುತು ಹಾಕಿಡುವುದು ಒಳ್ಳೆಯದು. ಮುಂದೆ ಮೊಮ್ಮಕ್ಕಳು ಅದನ್ನು ಕೈಗೆತ್ತಿಕೊಂಡಾಗ ಮೊದಲು ಚಿತ್ರವನ್ನು ನೋಡುತ್ತಾರೆ; ಆಮೇಲೆ ತಿರುಗಿಸಿ ಓದುತ್ತಾರೆ.